ಹೆಗಲ ಮೇಲೆ ಉಳಿದ ಕೈ

ನಿಮ್ಮ ಮನೆಯ ಹಳೆಯ ಆಲ್ಬಮ್ ತೆರೆದು ಎಷ್ಟು ಕಾಲವಾಯಿತು?

ನಮ್ಮ ಮನೆಯದರಲ್ಲಿ ಸೇಂಟ್ ಮೇರೀಸ್ ದ್ವೀಪದ ಕೆಲವು ಫೋಟೋಗಳಿವೆ. 1988ರ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಮಲ್ಪೆಯಿಂದ ದೋಣಿ ಹತ್ತಿ ಹೋಗಿದ್ದೆವು. ಬುತ್ತಿಯಲ್ಲಿ ಸಣ್ಣಾಸ್ ಇತ್ತು. ಒಂದು ರೋಲಿಗೆ 36 ಚಿತ್ರ ಮಾತ್ರ. ಆದ್ದರಿಂದ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೇವೆ.

ಅವುಗಳಲ್ಲಿ ಒಂದರ ಬಲ ಅಂಚು ಇಲ್ಲ. ಅಲ್ಲಿ ನಿಂತಿದ್ದವರು ಚಿಕ್ಕಪ್ಪ. ಆಸ್ತಿ ಪಾಲಾದ ವರ್ಷ ತಂದೆ ಅವರನ್ನು ಕತ್ತರಿಯಿಂದ ತೆಗೆದರು. ಆದರೆ ನನ್ನ ಹೆಗಲ ಮೇಲಿದ್ದ ಅವರ ಕೈ ಹಾಗೆಯೇ ಉಳಿಯಿತು. ಅದನ್ನು ತೆಗೆಯಬೇಕಾದರೆ ನನ್ನನ್ನೂ ಕತ್ತರಿಸಬೇಕಾಗುತ್ತಿತ್ತು.

ಮೊನ್ನೆ ಮಗಳು ಕೇಳಿದಳು: “ಇದು ಯಾರ ಕೈ?”

ತಂದೆ ಮಾಡಿದ್ದು ತಪ್ಪೇ? ನೊಂದವರು ನೋವು ಕೊಟ್ಟವರ ಮುಖವನ್ನು ದಿನವೂ ನೋಡುತ್ತಿರಬೇಕು ಎಂದು ಯಾರೂ ಹೇಳಲಾರರು. ಫೋಟೋವನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರೆ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಆದರೆ ಎತ್ತಿಡುವುದು ಬೇರೆ, ಕತ್ತರಿಸುವುದು ಬೇರೆ. ಎತ್ತಿಟ್ಟವನು “ಈಗ ನೋಡಲಾರೆ” ಎನ್ನುತ್ತಾನೆ. ಕತ್ತರಿಸಿದವನು “ಅವನು ಅಲ್ಲಿ ಇರಲೇ ಇಲ್ಲ” ಎನ್ನುತ್ತಾನೆ. ಅದು ಮುಂದೆ ಹುಟ್ಟುವ ಮಕ್ಕಳಿಗೆ ನುಡಿದ ಸುಳ್ಳುಸಾಕ್ಷಿ.

ಆ ಚಿತ್ರದಲ್ಲಿ ನಮ್ಮ ಹಿಂದೆ ಕಂಬಗಳಂತೆ ನಿಂತಿರುವ ಕಲ್ಲುಗಳನ್ನು ನೀವೂ ಕಂಡಿರಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ತಣಿದು, ಕುಗ್ಗಿ, ಬಿರುಕು ಬಿಟ್ಟು ಆದ ಕಲ್ಲುಗಳವು. ಭಾರತ ಮತ್ತು ಮಡಗಾಸ್ಕರ್ ಒಂದರಿಂದ ಒಂದು ಬೇರೆಯಾಗುತ್ತಿದ್ದ ಕಾಲವದು. ಇಂದು ಎರಡರ ನಡುವೆ ಸಾವಿರಾರು ಕಿಲೋಮೀಟರ್ ಕಡಲಿದೆ. ಅಲ್ಲಿಯೂ ಅದೇ ಕಾಲದ ಲಾವಾ ಕಲ್ಲುಗಳಿವೆ. ಎರಡೂ ನೆಲಗಳು ಮತ್ತೆ ಕೂಡಲಿಲ್ಲ, ನಿಜ. ಆದರೆ ಒಮ್ಮೆ ಕೂಡಿದ್ದವೆಂಬುದಕ್ಕೆ ಗುರುತು ಎರಡೂ ಕಡೆ ಉಳಿದಿದೆ.

ಕ್ಷಮೆಗೆ ಕೆಲವೊಮ್ಮೆ ವರ್ಷಗಳು ಬೇಕು. ಚಿಕ್ಕಪ್ಪನ ಮನೆಗೂ ನಮಗೂ ಹೋಗಿಬರುವುದು ಇನ್ನೂ ಸರಿಯಾಗಿ ಆರಂಭವಾಗಿಲ್ಲ. ಆದರೆ ಸತ್ಯ ಹೇಳಲು ರಾಜಿಯಾಗುವವರೆಗೆ ಕಾಯಬೇಕಾಗಿಲ್ಲ. ಮಗಳಿಗೆ ಅವರ ಹೆಸರು ಹೇಳಿದೆ. ದೋಣಿಯಿಂದ ಇಳಿಯುವಾಗ ಅವರೇ ನನ್ನನ್ನು ಎತ್ತಿಕೊಂಡಿದ್ದರೆಂದೂ ಹೇಳಿದೆ. ನೆಗೆಟಿವ್ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಫೋಟೋದ ಹಿಂದೆ ಪೆನ್ಸಿಲಿನಿಂದ ಬರೆದಿಟ್ಟೆ: “ಬಲತುದಿಯಲ್ಲಿ, ಚಿಕ್ಕಪ್ಪ.”

ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ನೀವೂ ಆಲ್ಬಮ್ ಇಳಿಸಿ, ಹಿರಿಯರನ್ನು ಕೇಳಿ ಹೆಸರುಗಳನ್ನು ಬರೆದಿಡಿ. ಮಾತು ಬಿಟ್ಟವರ ಹೆಸರನ್ನು ಮಾತ್ರ ಬಿಡಬೇಡಿ.