ಪರವಾಗಿ ನಿಂತವರು



ಸಮ್ಯಕ್ ಆಜೀವದ ಪಾಠ ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: ತಪ್ಪು ಮಾಡಿದ್ದಾನೆಂದು ಗೊತ್ತಿದ್ದೂ ಅವನ ಪರ ವಾದಿಸುವ ವಕೀಲಿಕೆ ಸರಿಯಾದ ಜೀವನೋಪಾಯವೇ? ಉಪಾಸಕರಿಗೆ ಬುದ್ಧರು ಬೇಡವೆಂದ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ವಕೀಲಿಕೆ ಆ ಪಟ್ಟಿಯಲ್ಲಿಲ್ಲ. ಅಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ.

ನ್ಯೂಯಾರ್ಕಿನ ವಕೀಲ ಐರಾ ಸೋರ್ಕಿನ್ ಅವರನ್ನೇ ನೋಡಿ. 1984ರಿಂದ 86ರವರೆಗೆ ಅವರು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ನ್ಯೂಯಾರ್ಕ್ ಕಚೇರಿಗೆ ಮುಖ್ಯಸ್ಥರು. ನಮ್ಮಲ್ಲಿ ಸೆಬಿ ಇದ್ದಂತೆ ಅಲ್ಲಿ ಅದು. ಮುಂದೆ ಅದೇ ಸಂಸ್ಥೆ ಹಿಡಿದವರ ಪರ ನಿಂತರು. ಆ ಕ್ಷೇತ್ರದಲ್ಲಿ ಇದು ಮಾಮೂಲಿ ದಾರಿ. 2008ರ ಡಿಸೆಂಬರಿನಲ್ಲಿ ಅವರ ಕಕ್ಷಿದಾರ ಬರ್ನಾರ್ಡ್ ಮೇಡಾಫ್ ಬಂಧನವಾಯಿತು. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಕೊಡುತ್ತಾ ದಶಕಗಟ್ಟಲೆ ನಡೆಸಿದ ವಂಚನೆ. ಕಾಗದದ ಮೇಲಿದ್ದ ಮೊತ್ತ ಸುಮಾರು 6,500 ಕೋಟಿ ಡಾಲರ್. ಸೋರ್ಕಿನ್ನರ ತಂದೆತಾಯಿಯ ಹಣವೂ ಒಂದು ಕಾಲಕ್ಕೆ ಅಲ್ಲೇ ಇತ್ತು. ಇಂಥವನ ಪರ ನಿಂತಿದ್ದಕ್ಕೆ ವಕೀಲರಿಗೇ ಬೆದರಿಕೆಯ ಸಂದೇಶಗಳು ಬಂದವು.

ಮೇಡಾಫ್ ತಪ್ಪೊಪ್ಪಿಕೊಂಡಿದ್ದ. ವಾದಿಸಲು ಉಳಿದಿದ್ದು ಶಿಕ್ಷೆಯ ಅಳತೆ ಮಾತ್ರ. ಅವನಿಗೆ ಆಗ 71 ವರ್ಷ, ಇನ್ನು 13 ವರ್ಷ ಬದುಕಬಹುದೆಂಬ ಲೆಕ್ಕ ಕೊಟ್ಟು, 12 ವರ್ಷ ಸಾಕೆಂದು ಸೋರ್ಕಿನ್ ಕೇಳಿದರು. 2009ರ ಜೂನ್ 29ರಂದು ನ್ಯಾಯಾಧೀಶ ಡೆನ್ನಿ ಚಿನ್ 150 ವರ್ಷ ವಿಧಿಸಿದರು. ಅವನ ಒಳ್ಳೆಯತನದ ಬಗ್ಗೆ ಮನೆಯವರಾಗಲಿ ಸ್ನೇಹಿತರಾಗಲಿ ಒಂದು ಪತ್ರವನ್ನೂ ಬರೆದಿಲ್ಲ ಎಂಬುದನ್ನು ನ್ಯಾಯಾಧೀಶರು ಗಮನಿಸಿ ಹೇಳಿದರು. ವಕೀಲ ಎಂಬ ಪದ ಅರಬ್ಬಿ ಮೂಲದ್ದು. ನಂಬಿ ಒಪ್ಪಿಸಿದ್ದನ್ನು ಹೊತ್ತವನು ಎಂಬ ಅರ್ಥವಿದೆ. ಅಂದು ಮೇಡಾಫ್ ಪರ ಮಾತಾಡಲು ಇದ್ದವರು ವಕೀಲರಷ್ಟೇ. ಫೀಸು ಪಡೆದೇ ನಿಂತಿರಬಹುದು, ಆದರೂ ಜನರ ಸಿಟ್ಟೇ ತೀರ್ಪಾಗದಂತೆ ಯಾರಾದರೂ ನಿಲ್ಲಬೇಕಲ್ಲ. ಇದರಲ್ಲಿ ಸುಳ್ಳಿಲ್ಲ, ಸಮ್ಯಕ್ ವಾಚೆಗೆ ಭಂಗವಿಲ್ಲ.

ನನ್ನನ್ನು ಕಾಡುವುದು ಇದಕ್ಕಿಂತ ಹಳೆಯ ಸಂಗತಿ. 1992ರಲ್ಲಿ ಅವೆಲ್ಲಿನೊ ಮತ್ತು ಬೀನೆಸ್ ಎಂಬ ಇಬ್ಬರು ಲೆಕ್ಕಿಗರು, ನೋಂದಣಿಯಿಲ್ಲದೆ ಸುಮಾರು 3,200 ಜನರಿಂದ 44 ಕೋಟಿ ಡಾಲರ್ ಎತ್ತಿ ಮೇಡಾಫ್ ಕೈಗೆ ಕೊಟ್ಟಿದ್ದಕ್ಕೆ ಸಿಕ್ಕಿಬಿದ್ದರು. ಅವರ ವಕೀಲರೂ ಸೋರ್ಕಿನ್ನರೇ. ಹೂಡಿಕೆದಾರರಿಗೆ ಹಣ ಮರಳಿತು, ದಂಡ ಕಟ್ಟಿದರು, ಕಡತ ಮುಚ್ಚಿತು. ಮೇಡಾಫ್ ಅಂಗಡಿಯ ಒಳಗೆ ಏನಿದೆಯೆಂದು ಎಸ್‌ಇಸಿ ಆಳವಾಗಿ ಹುಡುಕಲಿಲ್ಲ. ಇನ್ನೂ ಹದಿನಾರು ವರ್ಷ ಜನ ದುಡ್ಡು ಹಾಕುತ್ತಲೇ ಇದ್ದರು.

ಸೋರ್ಕಿನ್ನರಿಗೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹುಡುಕುವುದು ಎಸ್‌ಇಸಿಯ ಕೆಲಸ. ಕಾನೂನಿನೊಳಗೆ ಕಡತ ಮುಚ್ಚಿಸುವುದು ವಕೀಲರ ಕೆಲಸ. ಬುದ್ಧರು ಕರ್ಮವನ್ನು ಅಳೆದದ್ದೂ ಚೇತನದಿಂದಲೇ, ತಿಳಿಯದವನ ಮೇಲೆ ಹೊರೆ ಹೊರಿಸಲಾಗದು. ಆದರೆ ಲೋಭ, ದ್ವೇಷಗಳ ಜೊತೆಗೆ ಮೋಹವನ್ನೂ ಅಕುಶಲದ ಬೇರೆಂದು ಅವರು ಎಣಿಸಿದ್ದಾರೆ. ಗೊತ್ತಿಲ್ಲದಿರುವುದು ಬೇರೆ, ಗೊತ್ತು ಮಾಡಿಕೊಳ್ಳದಿರುವುದೇ ಒಂದು ವೃತ್ತಿಯ ಜಾಣತನವಾಗುವುದು ಬೇರೆ.

ನಮ್ಮ ಬಳಗದಲ್ಲಿ ಇಬ್ಬರು ವಕೀಲರೂ ಒಬ್ಬ ಆಡಿಟರೂ ಇದ್ದಾರೆ. ಕಕ್ಷಿದಾರ ಎದುರು ಬಂದು ಕೂತಾಗ ಯಾವ ಪ್ರಶ್ನೆಯನ್ನು ಬೇಕೆಂದೇ ಕೇಳದೆ ಬಿಡುತ್ತೀರಿ ಎಂದು ಭಾನುವಾರ ಅವರನ್ನು ಕೇಳೋಣ.