ಟ್ಯಾಕ್ಸಿಯ ಹಿಂದೆ ಹೋದ ತಾಯಿ

  ಕುಳಿತುಕೊಳ್ಳಿ.

ಸತ್ಯವೇದ ತೆಗೆಯಿರಿ. 2 ಕೊರಿಂಥ 1ನೇ ಅಧ್ಯಾಯ, 3 ಮತ್ತು 4ನೇ ವಚನ. ಸಿಕ್ಕಿತಾ? ಪೌಲನು ಇಲ್ಲಿ ಎರಡು ಮಾತು ಹೇಳ್ತಾನೆ. ಒಂದು, ನಮ್ಮ ಎಲ್ಲ ಸಂಕಟಗಳಲ್ಲೂ ದೇವರು ನಮ್ಮನ್ನು ಸಂತೈಸುತ್ತಾನೆ. ಎರಡು, ಸಂಕಟದಲ್ಲಿ ಇರೋ ಬೇರೆಯವರನ್ನು ನಾವೂ ಹಾಗೇ ಸಂತೈಸಬೇಕು ಅಂತಲೇ ಅದನ್ನು ಕೊಡುತ್ತಾನೆ. ಮೊದಲನೇ ಮಾತಿಗೆ ನಾವು ಜೋರಾಗಿ ಆಮೆನ್ ಅಂತೀವಿ. ಎರಡನೇದಕ್ಕೆ ಬಂದಾಗ ಧ್ವನಿ ಸ್ವಲ್ಪ ಇಳಿಯುತ್ತೆ, ಅಲ್ವಾ?

ಈ ಎರಡನೇ ಮಾತು ಅರ್ಥವಾಗೋದಕ್ಕೆ ಒಬ್ಬ ತಾಯಿಯ ಜೀವಿತವನ್ನು ನಿಮ್ಮ ಮುಂದೆ ಇಡ್ತೀನಿ. ಅವರ ಹೆಸರು ಜೂಲಿಯಾ ಕಾಂಪ್ಟನ್ ಮೂರ್. ಅಮೆರಿಕದವರು. 1929ರಲ್ಲಿ ಹುಟ್ಟಿ, 2004ರಲ್ಲಿ 75ನೇ ವಯಸ್ಸಿನಲ್ಲಿ ತೀರಿಕೊಂಡರು. 'ವಿ ವರ್ ಸೋಲ್ಜರ್ಸ್' ಅನ್ನೋ ಸಿನಿಮಾ ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರಲ್ಲಿ ಬರೋ ಸೇನಾಧಿಕಾರಿ ಹಾಲ್ ಮೂರ್ ಅವರ ಹೆಂಡತಿ ಇವರೇ.

ಈ ಅಮ್ಮ ಸೈನಿಕನ ಮಗಳು. ಹುಡುಗಿಯಾಗಿದ್ದಾಗ ಅಪ್ಪ ಎರಡನೇ ಮಹಾಯುದ್ಧಕ್ಕೆ ಹೋದರು. ಮದುವೆ ಆದ ಮೇಲೆ ಗಂಡ ಕೊರಿಯಾ ಯುದ್ಧಕ್ಕೆ ಹೋದರು, ಆಮೇಲೆ ವಿಯೆಟ್ನಾಂಗೆ. ಐದು ಮಕ್ಕಳು. ಬೆಳೆದ ಮೇಲೆ ಗಂಡುಮಕ್ಕಳಲ್ಲಿ ಇಬ್ಬರು ಸೈನ್ಯಾಧಿಕಾರಿಗಳಾದರು. ಮಗಳಾಗಿ, ಹೆಂಡತಿಯಾಗಿ, ತಾಯಿಯಾಗಿ, ಸೈನ್ಯದಲ್ಲಿರೋರಿಗಾಗಿ ಕಾಯೋದು ಇವರ ಜೀವನವಾಗಿತ್ತು.

1965ರ ನವೆಂಬರ್ ತಿಂಗಳು. ಹಾಲ್ ಮೂರ್ ಅವರ ಬೆಟಾಲಿಯನ್ ವಿಯೆಟ್ನಾಂನ ಇಯಾ ದ್ರಾಂಗ್ ಕಣಿವೆಯಲ್ಲಿ ಇಳಿಯಿತು. ಮೂರು ದಿನದ ಯುದ್ಧದಲ್ಲಿ 79 ಅಮೆರಿಕನ್ ಸೈನಿಕರು ಸತ್ತರು. ಮರುದಿನ ಹತ್ತಿರದಲ್ಲೇ ಇನ್ನೊಂದು ಬೆಟಾಲಿಯನ್ ಮೇಲೆ ದಾಳಿಯಾಗಿ 150ಕ್ಕೂ ಹೆಚ್ಚು ಜನ ಹೋದರು. ವಿಯೆಟ್ನಾಂ ಕಡೆಯಲ್ಲೂ ನೂರಾರು ಜನ ಸತ್ತರು. ಅವರಿಗೂ ತಾಯಂದಿರಿದ್ದರು, ಅದನ್ನು ಮರೆಯಬೇಡಿ.

ಈ ಸೈನಿಕರ ಹೆಂಡತಿ ಮಕ್ಕಳಲ್ಲಿ ಬಹಳ ಜನ ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್ ಸೇನಾನೆಲೆಯ ಸುತ್ತಮುತ್ತ ಇದ್ದರು. ಸಾವಿನ ಸುದ್ದಿಯನ್ನು ಮನೆಗೆ ಮುಟ್ಟಿಸೋದಕ್ಕೆ ಸೈನ್ಯ ಆಗ ಸರಿಯಾದ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಟೆಲಿಗ್ರಾಂ ಬರೋದು. ಅದನ್ನು ಒಬ್ಬ ಟ್ಯಾಕ್ಸಿ ಡ್ರೈವರ್ ಕೈಗೆ ಕೊಡೋರು. ಅವನು ಹೋಗಿ ಬಾಗಿಲು ತಟ್ಟೋದು, ಕಾಗದ ಕೊಡೋದು, ಹೊರಟುಹೋಗೋದು. ಅಷ್ಟೇ.

ಟೆಲಿಗ್ರಾಂ ಅಂದ್ರೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ದೇಶದಲ್ಲಿ 2013ರಲ್ಲೇ ನಿಂತುಹೋಯ್ತು. ನಿಮ್ಮ ಅಜ್ಜಿಯನ್ನು ಕೇಳಿ. ತಂತಿ ಬಂತು ಅಂದರೆ ಒಡೆದು ಓದೋ ಮುಂಚೆಯೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು.

ಒಂದು ದಿನ ಜೂಲಿಯಾ ಅವರ ಮನೆ ಮುಂದೆಯೂ ಟ್ಯಾಕ್ಸಿ ಬಂದು ನಿಂತಿತು. ಆ ಕ್ಷಣ ಅವರಿಗೆ ಹೇಗಾಗಿರಬೇಕು! ಡ್ರೈವರ್ ಬಂದಿದ್ದು ಬೇರೆ ಮನೆಯ ದಾರಿ ಕೇಳೋದಕ್ಕೆ. ಇಂಥ ಹೊತ್ತಲ್ಲಿ ನಾವೇನು ಮಾಡ್ತೀವಿ? ಸ್ತೋತ್ರ ಕರ್ತನೇ, ನಮ್ಮ ಮನೆಗಲ್ಲ ಅಂತ ಬಾಗಿಲು ಹಾಕ್ಕೋತೀವಿ. ಇವರು ಹಾಗೆ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಟೆಲಿಗ್ರಾಂ ಹೋಗುತ್ತಿದ್ದ ಮನೆಗಳಿಗೆ ಟ್ಯಾಕ್ಸಿಯ ಹಿಂದೆಯೇ ತಾವೂ ಹೋದರು. ಅಳುತ್ತಿದ್ದವರ ಜೊತೆ ಕುಳಿತರು. ಫೋರ್ಟ್ ಬೆನ್ನಿಂಗ್‌ನಲ್ಲಿ ಮಣ್ಣು ಮಾಡಿದ ತಮ್ಮ ಗಂಡನ ಸೈನಿಕರ ಶವಸಂಸ್ಕಾರಗಳಿಗೆ ಹೋಗಿ ನಿಂತರು. ಆಗ ಅವರಿಗೆ 36 ವರ್ಷ. ಗಂಡ ಇನ್ನೂ ಯುದ್ಧಭೂಮಿಯಲ್ಲೇ ಇದ್ದರು. ನಾಳೆ ಅದೇ ಟ್ಯಾಕ್ಸಿ ತಮ್ಮ ಮನೆಗೇ ಬರಬಹುದು ಅನ್ನೋ ಭಯ ಹೊತ್ತುಕೊಂಡೇ ಬೇರೆಯವರ ಬಾಗಿಲಿಗೆ ಹೋದರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ಪದ್ಧತಿ ಸರಿಯಲ್ಲ ಅಂತ ಸೈನ್ಯದ ಮೇಲಿನವರಿಗೆ ಮುಟ್ಟಿಸಿದರು. ಆಮೇಲೆ ಸುದ್ದಿ ತಿಳಿಸೋದಕ್ಕೆ ಸೈನ್ಯವೇ ಮನುಷ್ಯರನ್ನು ಕಳುಹಿಸೋ ವ್ಯವಸ್ಥೆ ಬಂತು, ಒಬ್ಬ ಅಧಿಕಾರಿ, ಜೊತೆಗೆ ಒಬ್ಬ ಚಾಪ್ಲಿನ್. ಈ ತಾಯಿಗೆ ಯಾವ ಪದವಿಯೂ ಇರಲಿಲ್ಲ, ಯಾವ ಅಧಿಕಾರವೂ ಇರಲಿಲ್ಲ.

ಈಗ ವಾಕ್ಯಕ್ಕೆ ಬನ್ನಿ. ಯೋಹಾನನ ಸುವಾರ್ತೆ 14ರಲ್ಲಿ ಯೇಸು ಪವಿತ್ರಾತ್ಮನಿಗೆ ಒಂದು ಹೆಸರು ಕೊಡುತ್ತಾನೆ. ಗ್ರೀಕ್ ಭಾಷೆಯಲ್ಲಿ ಅದು ಪರಾಕ್ಲೇಟೋಸ್. ಪಕ್ಕಕ್ಕೆ ಕರೆಯಲ್ಪಟ್ಟವನು ಅಂತ ಅದರ ಮೂಲ ಅರ್ಥ. 2 ಕೊರಿಂಥ 1ರಲ್ಲಿ ಸಂತೈಸೋದು ಅನ್ನೋದಕ್ಕೆ ಪೌಲನು ಬಳಸಿರೋ ಪದವೂ ಅದೇ ಬೇರಿನದ್ದು. ಪ್ರಿಯರೇ, ನಾವು ಪೆಂತೆಕೊಸ್ತ್ ಜನ. ಆತ್ಮನ ಅಭಿಷೇಕ ಬೇಕು ಅಂತ ಉಪವಾಸ ಮಾಡ್ತೀವಿ, ರಾತ್ರಿಯಿಡೀ ಪ್ರಾರ್ಥಿಸ್ತೀವಿ. ಒಳ್ಳೇದು. ಆದರೆ ಪಕ್ಕದಲ್ಲಿ ನಿಲ್ಲೋ ಆತ್ಮನು ನನ್ನೊಳಗೆ ಇದ್ದಾನೆ ಅಂದ್ಮೇಲೆ, ನನ್ನ ಕಾಲುಗಳು ಯಾರ ಪಕ್ಕಕ್ಕೆ ಹೋಗ್ತಾ ಇವೆ?

ನಮ್ಮ ಕಾಲದ ಟ್ಯಾಕ್ಸಿ ಡ್ರೈವರ್ ಯಾರು ಗೊತ್ತಾ? ನಮ್ಮ ವಾಟ್ಸಾಪ್ ಗ್ರೂಪ್. ಒಬ್ಬ ಸಹೋದರಿಯ ಅಪ್ಪ ತೀರಿಕೊಂಡರು ಅಂತ ಮೆಸೇಜ್ ಬರುತ್ತೆ. ಹತ್ತು ನಿಮಿಷದಲ್ಲಿ ನಲವತ್ತು ಜನ ಕೈಮುಗಿಯೋ ಎಮೋಜಿ ಹಾಕ್ತಾರೆ. ಹನ್ನೊಂದನೇ ನಿಮಿಷಕ್ಕೆ ಪಿಕ್ನಿಕ್ ವಿಷಯ. ಆ ಹುಡುಗಿ ಪಿ.ಜಿ.ಯ ರೂಮಿನಲ್ಲಿ ಒಬ್ಬಳೇ ಕೂತಿರ್ತಾಳೆ. ಕಾಗದ ಮುಟ್ಟಿತು, ಡ್ರೈವರ್ ಹೊರಟುಹೋದ.

ನಮ್ಮ ಕರ್ತನು ಹಾಗೆ ಮಾಡಲಿಲ್ಲ. ಲಾಜರನನ್ನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಬೇಥಾನ್ಯಕ್ಕೆ ನಡೆದು ಬಂದು, ಮರಿಯಳ ಮುಂದೆ ನಿಂತು ಅತ್ತನು.

ಹೋದಾಗ ಏನು ಮಾತಾಡೋದು ಅನ್ನೋ ಭಯ ನಿಮಗೆ ಇರಬಹುದು. ಯೋಬನ ಸ್ನೇಹಿತರನ್ನು ನೋಡಿ. ಏಳು ದಿನ ಬಾಯಿಬಿಡದೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಆದ್ದರಿಂದ ಸಾವಿನ ಮನೆಯಲ್ಲಿ ವಿವರಣೆ ಕೊಡಬೇಡಿ. ವಿಶ್ವಾಸ ಸಾಲಲಿಲ್ಲ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲೇಬಾರದು. ಇಬ್ಬಿಬ್ಬರಾಗಿ ಹೋಗಿ. ಊಟ ತಗೊಂಡು ಹೋಗಿ. ಮರಣ ಪ್ರಮಾಣಪತ್ರಕ್ಕೆ, ಬ್ಯಾಂಕ್ ಕೆಲಸಕ್ಕೆ ಜೊತೆಗೆ ಓಡಾಡಿ. ನೆಂಟರೆಲ್ಲ ವಾಪಸ್ ಹೋದ ಮೇಲೆ, ಮೂರನೇ ವಾರ ಇನ್ನೊಂದು ಸಲ ಹೋಗಿ.

ಜೂಲಿಯಾ ಅವರ ಸಮಾಧಿ ಫೋರ್ಟ್ ಬೆನ್ನಿಂಗ್‌ನಲ್ಲೇ ಇದೆ, ತಾವು ಶವಸಂಸ್ಕಾರಕ್ಕೆ ಹೋಗಿದ್ದ ಆ ಸೈನಿಕರ ಹತ್ತಿರ. 2017ರಲ್ಲಿ ಗಂಡನನ್ನೂ ಅವರ ಪಕ್ಕದಲ್ಲೇ ಮಣ್ಣು ಮಾಡಿದರು.

ಈಗ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನೀವು ಹೋಗಬೇಕಿದ್ದ, ಇನ್ನೂ ಹೋಗದಿರೋ ಒಂದು ಮನೆ ಕರ್ತನು ನಿಮಗೆ ನೆನಪಿಗೆ ತರ್ತಾ ಇದ್ದಾನೆ. ಆ ಹೆಸರನ್ನು ಆತನ ಮುಂದೆ ಹೇಳಿ. ಈ ವಾರ ಯಾವ ದಿನ ಹೋಗ್ತೀರಿ ಅಂತಲೂ ಹೇಳಿ.

ತಂದೆಯೇ, ನಮ್ಮ ಪಕ್ಕದಲ್ಲಿ ನಿಂತ ನಿನಗೆ ಸ್ತೋತ್ರ. ಅಳುವವರ ಪಕ್ಕಕ್ಕೆ ನಮ್ಮನ್ನು ಕಳುಹಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.