ವಿನಯವೂ ಅಳುಕೂ

ಮಹತ್ತಾದ ವಿದ್ಯಾಸ್ಥಾನವೊಂದರ ಮುಂದೆ ನಿಂತಾಗ ಎಳೆಯ ಮನಸ್ಸು ಕುಗ್ಗುವುದು ಸಹಜ. ‘ಇದು ನಮ್ಮಂಥವರಿಗಲ್ಲ’ ಎಂಬ ಭಾವವು ಆಗ ತಾನಾಗಿಯೇ ತಲೆದೋರುವುದು. ಹಿರಿಯರಲ್ಲಿ ಅನೇಕರು ಇದನ್ನು ವಿನಯವೆಂದು ಬಗೆದು ಮೆಚ್ಚುವರು. ಮಕ್ಕಳೂ ಅದನ್ನು ಸದ್ಗುಣವೆಂದೇ ನಂಬಿ ಹಿಂದೆ ಸರಿಯುವರು. ಹೀಗೆ ಹಿಂದೆ ಸರಿಯುವುದು ನಿಜವಾಗಿಯೂ ವಿನಯವೆ? ಅಥವಾ ವಿನಯದ ಉಡುಪು ತೊಟ್ಟ ಅಳುಕೆ? ಒಂದು ಬಾಳಿನ ದಿಕ್ಕನ್ನೇ ತಿರುಗಿಸಬಲ್ಲ ಈ ಪ್ರಶ್ನೆಯನ್ನು ಶರಣರ ಹಾದಿಯಲ್ಲಿ ನಡೆಯಬಯಸುವ ಗೃಹಸ್ಥರು ವಿಚಾರ ಮಾಡಿ ನೋಡಬೇಕಾಗಿದೆ.

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಬೆಳೆದು, ಪದವಿಪೂರ್ವ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಲು ಹೋದಳೆಂದು ಭಾವಿಸಬಹುದು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತ ಬಂದ ಈ ಸಂಸ್ಥೆಯಲ್ಲಿ ಪದವಿಪೂರ್ವ ಶಿಕ್ಷಣ ಮುಗಿಸಿದವರಿಗೂ ೨೦೧೧ರಿಂದ ನಾಲ್ಕು ವರ್ಷಗಳ ವ್ಯಾಸಂಗ ಏರ್ಪಟ್ಟಿದೆ. ಸಾರ್ವಜನಿಕರಿಗೆಂದು ಪ್ರಯೋಗಶಾಲೆಗಳನ್ನು ತೆರೆದಿಡುವ ದಿನವೊಂದೂ ಅಲ್ಲಿ ಉಂಟು. ಕಲ್ಲಿನ ಭವ್ಯ ಕಟ್ಟಡ, ಅದರ ಗೋಪುರ, ಮರಗಳ ನೆರಳಿನ ಹಾದಿಗಳು, ಹೆಸರೇ ತಿಳಿಯದ ಯಂತ್ರಗಳು ಇವೆಲ್ಲವನ್ನೂ ಅವಳು ಕಂಡಳು. ನಗರದ ಮಕ್ಕಳು ಇಂಗ್ಲಿಷಿನಲ್ಲಿ ಸರಾಗವಾಗಿ ಪ್ರಶ್ನೆ ಕೇಳುತ್ತಿದ್ದರು. ಅವಳಲ್ಲಿಯೂ ಒಂದು ಪ್ರಶ್ನೆಯಿತ್ತು. ಅದು ನಾಲಗೆಗೆ ಬರಲಿಲ್ಲ. ಊರಿಗೆ ಮರಳಿದ ಮೇಲೆ ಅರ್ಜಿಯ ಮಾತೆತ್ತಲಿಲ್ಲ. ತಂದೆಯೂ, ‘ನಮಗೇಕಮ್ಮ ಅಷ್ಟು ದೊಡ್ಡದು?’ ಎಂದು ಸಮಾಧಾನಪಟ್ಟರು. ಮನೆಯಲ್ಲಿ ಯಾರಿಗೂ ಇದು ತಪ್ಪೆಂದು ತೋರಲಿಲ್ಲ. ವಿಚಾರ ಆರಂಭವಾಗಬೇಕಾದುದು ಇಲ್ಲಿಯೇ.

ವಿನಯಕ್ಕೂ ಅಳುಕಿಗೂ ಹೊರಗಣ ರೂಪ ಒಂದೇ. ಎರಡರಲ್ಲಿಯೂ ತಲೆ ಬಾಗುತ್ತದೆ. ಒಳಗಣ ಭೇದವನ್ನು ಅವುಗಳ ಫಲದಿಂದ ಅರಿಯಬೇಕು. ವಿನಯವು ಪ್ರಶ್ನೆಗೆ ಬಾಯಿ ಕೊಡುತ್ತದೆ. ಅಳುಕು ಬಾಯಿ ಕಟ್ಟುತ್ತದೆ. ‘ನಾನು ಇನ್ನೂ ಅರಿಯೆ, ಆದುದರಿಂದ ಕಲಿಯಬೇಕು’ ಎಂಬುದು ವಿನಯದ ಮಾತು. ‘ನಾನು ಅರಿಯೆ, ಆದುದರಿಂದ ಕಲಿಯಲಾರೆ’ ಎಂಬುದು ಅಳುಕಿನ ಮಾತು. ಶರಣರು ಕಿಂಕರಭಾವವನ್ನು ಬೋಧಿಸಿದರು, ನಿಜ. ಆದರೆ ಆ ಕಿಂಕರತೆಯು ಅರಿವಿಗೆ, ಭಕ್ತಿಗೆ, ಸದಾಚಾರಕ್ಕೆ ಸಲ್ಲಿಸಿದುದೇ ಹೊರತು ಗೋಪುರಕ್ಕೂ ಸಿರಿಗೂ ಸಲ್ಲಿಸಿದುದಲ್ಲ. ವೈಭವದ ಮುಂದೆ ಕುಗ್ಗಿದ ಮನಸ್ಸನ್ನು ವಿನೀತವೆಂದು ಕರೆದರೆ ಶರಣರ ಮಾತಿಗೆ ಅಪಾರ್ಥ ಮಾಡಿದಂತಾಗುವುದು.

ಅಲ್ಲದೆ ಆ ವೈಭವವಾದರೂ ಯಾರದು? ಜೆಮ್‌ಶೆಟ್‌ಜಿ ಟಾಟಾ ಅವರು ಈ ಸಂಸ್ಥೆಗಾಗಿ ತಮ್ಮ ಸಂಪತ್ತನ್ನು ಮುಡಿಪಿಟ್ಟು, ಅದು ಮೂಡುವುದನ್ನು ಕಾಣದೆಯೇ ೧೯೦೪ರಲ್ಲಿ ತೀರಿಕೊಂಡರು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಸುಮಾರು ೩೭೧ ಎಕರೆ ನೆಲವನ್ನಿತ್ತರು. ೧೯೦೯ರಲ್ಲಿ ಸಂಸ್ಥೆ ಸ್ಥಾಪಿತವಾಗಿ ೧೯೧೧ರಲ್ಲಿ ವಿದ್ಯಾರ್ಥಿಗಳ ಮೊದಲ ತಂಡ ಬಂದಿತು. ಅಷ್ಟರೊಳಗೆ ಬೆಂಗಳೂರಿಗೆ ವಿದ್ಯುತ್ತಿನ ದೀಪ ಬಂದಿದ್ದಿತು. ಆ ಬೆಳಕು ಹರಿದುದು ಬೆಳಕವಾಡಿಯ ನೆರೆಯ ಶಿವನಸಮುದ್ರದಿಂದ. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿಗೂ ಶಕ್ತಿಯಾಗಿ ಹೋದುದು ಇಲ್ಲಿಯ ಕಾವೇರಿಯ ನೀರೇ. ಒಬ್ಬರ ಧನ, ಒಬ್ಬರ ನೆಲ, ಒಂದು ಸೀಮೆಯ ನದಿ, ಮುಂದೆ ಪ್ರಜೆಗಳೆಲ್ಲರ ತೆರಿಗೆ ಇವು ಕೂಡಿ ನಿಂತುದನ್ನು ದಾಸೋಹವೆನ್ನದೆ ಬೇರೇನೆನ್ನಬೇಕು? ದಾಸೋಹದ ಪಂಕ್ತಿಗೆ ಬಂದವರು ಸಂಕೋಚದಿಂದ ಹೊಸ್ತಿಲಲ್ಲಿಯೇ ನಿಲ್ಲಬೇಕಾಗಿಲ್ಲ.

ಹಾಗೆಂದು ಬಾಗಿಲಲ್ಲಿ ಪರೀಕ್ಷೆ ಕೂಡದೆಂದಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಅನುಭವ ಮಂಟಪದಲ್ಲಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸಿದೆ. ಆ ಪ್ರಶ್ನೆಗಳು ಕಠಿನವಾಗಿದ್ದವು. ಆದರೆ ಅವು ಅವಳ ಅಂತರಂಗದ ನಿಲವನ್ನು ಕುರಿತವು. ಅಕ್ಕ ಸಭೆಯ ಹಿರಿಮೆಗೆ ಅಂಜಿ ಮರಳಲಿಲ್ಲ. ಸಭೆಯನ್ನು ಹಳಿಯಲೂ ಇಲ್ಲ. ನಿಂತು ಉತ್ತರ ಕೊಟ್ಟಳು. ಅದು ವಿನಯ.

ಎಲ್ಲ ಬಾಗಿಲುಗಳೂ ನ್ಯಾಯವಾಗಿಯೇ ಪರೀಕ್ಷಿಸುವುದಿಲ್ಲ. ೧೯೩೩ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಇದೇ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಆಗ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣದಿಂದ ಪ್ರವೇಶ ನಿರಾಕರಿಸಿದರು. ಆಕೆ ಒಪ್ಪಿ ಹಿಂದಿರುಗದೆ ನ್ಯಾಯ ಕೇಳಿದರು. ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕದ್ದೆಂಬ ನಿಬಂಧನೆಯನ್ನೂ ಸಹಿಸಿ, ದುಡಿಮೆಯಿಂದಲೇ ಉತ್ತರವಿತ್ತರು. ಮುಂದೆ ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು ಕಮಲಾ ಸೊಹೊನಿ ಎಂದು ಪ್ರಖ್ಯಾತರಾದರು. ಆಕೆ ಅಂದು ಅಳುಕನ್ನೇ ವಿನಯವೆಂದು ನಂಬಿದ್ದರೆ, ಅವರ ಹಿಂದೆ ಬಂದ ಹೆಣ್ಣುಮಕ್ಕಳಿಗೂ ಆ ಬಾಗಿಲು ಇನ್ನೆಷ್ಟು ಕಾಲ ಮುಚ್ಚಿರುತ್ತಿತ್ತೋ!

ತಂದೆಯ ಅಂಜಿಕೆಗೂ ಆಧಾರವಿಲ್ಲವೆನ್ನಲಾಗದು. ದೂರ, ವೆಚ್ಚ, ಪ್ರವೇಶಪರೀಕ್ಷೆಯಲ್ಲಿ ಸೋಲುವ ಸಂಭವ ಇವೆಲ್ಲವೂ ನಿಜ. ಆದರೆ ವೆಚ್ಚದ ಲೆಕ್ಕ ಬೇರೆ, ಯೋಗ್ಯತೆಯ ಲೆಕ್ಕ ಬೇರೆ. ಕೈಯಲ್ಲಿ ಹಣ ಸಾಲದೆಂದು ಹೇಳುವುದು ಸತ್ಯವಚನ. ವಿದ್ಯಾರ್ಥಿವೇತನವನ್ನು ಹುಡುಕಿದರೆ ಅದಕ್ಕೆ ದಾರಿಯೂ ತೋರಬಹುದು. ‘ನಾವೇ ಸಾಲದವರು’ ಎಂದು ಮಗುವಿಗೆ ಕಲಿಸಿದರೆ ಅದಕ್ಕೆ ದಾರಿಯಿಲ್ಲ. ಆ ಮಾತು ಮಗುವಿನೊಡನೆಯೇ ಬೆಳೆಯುತ್ತದೆ.

ಇನ್ನೊಂದು ಕಡೆಯಲ್ಲಿ ಇನ್ನೊಂದು ಕೇಡು ಕಾದಿದೆ. ಸಂಸ್ಥೆಯ ಹೆಸರನ್ನೇ ದೈವವೆಂದು ಬಗೆದು, ನೆಂಟರಿಷ್ಟರ ಮುಂದೆ ಹೇಳಿಕೊಳ್ಳುವ ಸಲುವಾಗಿ ಮಕ್ಕಳನ್ನು ಅಲ್ಲಿಗೆ ನೂಕುವ ತಂದೆತಾಯಿಗಳೂ ಉಂಟು. ಗೋಪುರಕ್ಕೆ ಅಂಜುವುದೂ ಗೋಪುರದಿಂದ ಮೆರೆಯುವುದೂ ಒಂದೇ ಭ್ರಮೆಯ ಎರಡು ಮುಖಗಳು. ಎರಡರಲ್ಲಿಯೂ ಕಣ್ಣಿಗೆ ಬಿದ್ದುದು ಕಟ್ಟಡ, ಕಾಣದೆ ಹೋದುದು ಕಾಯಕ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಕಲಿಯುವ ಹಸಿವಿಲ್ಲದೆ ಹೆಸರಿಗಾಗಿ ಹಿಡಿದ ಸ್ಥಾನವೂ ಆ ಹೆಚ್ಚಿನ ಅಕ್ಕಿಯಂತೆಯೇ. ಅದು ಇನ್ನೊಬ್ಬರ ಪಾಲು.

ಆದುದರಿಂದ ವಿದ್ಯಾಸ್ಥಾನವನ್ನು ನೋಡಹೋಗುವ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಎಷ್ಟು ದೊಡ್ಡದು, ನಾನೆಷ್ಟು ಚಿಕ್ಕವನು’ ಎಂಬುದಲ್ಲ. ‘ಇಲ್ಲಿ ಯಾವ ಕಾಯಕ ನಡೆಯುತ್ತಿದೆ? ಹೊಗಳುವವರಾರೂ ಇಲ್ಲದಾಗಲೂ ಆ ಕಾಯಕವನ್ನು ನಾನು ಒಲಿದು ಮಾಡುವೆನೆ?’ ಎಂಬುದೇ ತಕ್ಕ ಪ್ರಶ್ನೆ. ಉತ್ತರ ಅಲ್ಲವೆಂದಾದರೆ ಮರಳಿ ಬರುವುದು ಸೋಲಲ್ಲ. ಅಹುದೆಂದಾದರೆ ಅರ್ಜಿ ಹಾಕುವುದು ಅಹಂಕಾರವಲ್ಲ. ಹಾಕಿದ ಮೇಲೆ ಸ್ಥಾನ ದೊರೆಯದಿದ್ದರೂ ಕುಂದಿಲ್ಲ. ಮಂಡ್ಯದ ಕಾಲೇಜಿನಲ್ಲಿಯೂ ಮೈಸೂರಿನ ಕಾಲೇಜಿನಲ್ಲಿಯೂ ಅದೇ ಕಾಯಕವನ್ನು ಅದೇ ನಿಷ್ಠೆಯಿಂದ ಮಾಡಲು ಬಾಗಿಲು ತೆರೆದೇ ಇರುವುದು.

ಹಿರಿಯರ ಹೊಣೆ ಇಷ್ಟೇ: ಮಗು ತಲೆ ತಗ್ಗಿಸಿ ಬಂದಾಗ ಆ ತಗ್ಗಿದ ತಲೆಯನ್ನು ಹೊಗಳುವ ಮೊದಲು, ಕೇಳದೆ ಉಳಿದ ಪ್ರಶ್ನೆ ಯಾವುದೆಂದು ವಿಚಾರಿಸಬೇಕು.